ವರ್ತನಾವಿಕಾರವುಳ್ಳ ಕಿರಿಯರ ವಿಚಾರಶಕ್ತಿ ಮತ್ತು ಭಾವಗ್ರಹಣ

ಪದೇ ಪದೇ ಜಗಳ ತೆಗೆಯುವ, ಹಿರಿಯರ ಮಾತನ್ನು ಬೇಕೆಂದೇ ಮೀರುವ, ಅಲ್ಪ ಕಾರಣಕ್ಕೆ ಕೆರಳಿ ಕೈಮಾಡುವ ಹುಡುಗರನ್ನು ಕುರಿತು ಸಮಾಜವು ಬಹುಕಾಲದಿಂದ ಎರಡೇ ಮಾತುಗಳನ್ನು ಆಡುತ್ತ ಬಂದಿದೆ. ಅವನಿಗೆ ಬುದ್ಧಿಯಿಲ್ಲ ಎಂಬುದು ಒಂದು. ಬುದ್ಧಿಯುಂಟು, ಒಳ್ಳೆಯತನವಿಲ್ಲ ಎಂಬುದು ಇನ್ನೊಂದು. ಮೊದಲನೆಯ ಮಾತಿನಿಂದ ಉಪೇಕ್ಷೆಯೂ ಎರಡನೆಯದರಿಂದ ದಂಡನೆಯೂ ಹುಟ್ಟುತ್ತವೆ. ಕಳೆದ ನಾಲ್ಕು ದಶಕಗಳ ಮನಶ್ಶಾಸ್ತ್ರವು ಇವೆರಡರ ನಡುವೆ ಮೂರನೆಯ ಮಾತೊಂದನ್ನು ತಂದಿರಿಸಿದೆ. ಇಂಥ ಕಿರಿಯರಲ್ಲಿ ಅನೇಕರಿಗೆ ಕೊರತೆಯಿರುವುದು ಸಾಮಾನ್ಯ ಬುದ್ಧಿಯಲ್ಲಲ್ಲ. ಎದ್ದ ಪ್ರೇರಣೆಯನ್ನು ತಡೆಹಿಡಿಯುವುದು, ಎದುರಿಗಿರುವವನ ಉದ್ದೇಶವನ್ನು ಊಹಿಸುವುದು, ಅವನ ಮುಖದ ಭಾವವನ್ನು ಓದುವುದು ಎಂಬ ಕೆಲವು ನಿರ್ದಿಷ್ಟ ಕೌಶಲಗಳಲ್ಲಿ ಎಂಬುದೇ ಆ ಮಾತು. ಇದು ಎಷ್ಟರಮಟ್ಟಿಗೆ ಸಿದ್ಧವಾಗಿದೆ, ಎಲ್ಲಿ ಸಂದೇಹಕ್ಕೆ ಎಡೆಯಿದೆ ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕನಿಗೆ ಈ ವಿಷಯದಲ್ಲಿ ಏನು ಕೆಲಸವೆಂದು ಕೆಲವರು ಕೇಳಬಹುದು. ಮಕ್ಕಳ ತುಂಟತನಕ್ಕೆ ಶಾಸ್ತ್ರವು ಇಟ್ಟ ಪ್ರತಿಯೊಂದು ಹೆಸರೂ ಸ್ವಲ್ಪ ಕಾಲದಲ್ಲಿಯೇ ಕಾನೂನಿನ ಹೆಸರಾಯಿತು. ಕಾನೂನಿನ ಹೆಸರು ಕೆಲವು ಮಕ್ಕಳ ಹಣೆಬರಹವಾಯಿತು. ಈ ಚರಿತ್ರೆಯನ್ನು ತಿಳಿಯದೆ ಇಂದಿನ ಸಂಶೋಧನೆಯನ್ನು ಓದಿದರೆ ಹಳೆಯ ತೀರ್ಪನ್ನೇ ಹೊಸ ಭಾಷೆಯಲ್ಲಿ ಮತ್ತೆ ಬರೆಯುವ ಅಪಾಯವುಂಟು.

೧. ಹೆಸರುಗಳ ಚರಿತ್ರೆ

ಬ್ರಿಸ್ಟಲ್ ನಗರದ ವೈದ್ಯ ಜೇಮ್ಸ್ ಕೌಲ್ಸ್ ಪ್ರಿಚರ್ಡ್ ಅವರು ೧೮೩೫ರಲ್ಲಿ ಪ್ರಕಟಿಸಿದ ಉನ್ಮಾದಶಾಸ್ತ್ರದ ಗ್ರಂಥದಲ್ಲಿ ‘ಮಾರಲ್ ಇನ್‌ಸ್ಯಾನಿಟಿ’ ಎಂಬ ಪದವನ್ನು ಬಳಕೆಗೆ ತಂದರು. ತರ್ಕಶಕ್ತಿ ಕೆಡದೆ ಭಾವ, ಸ್ವಭಾವ, ಅಭ್ಯಾಸಗಳು ಮಾತ್ರ ಕೆಡುವ ಸ್ಥಿತಿಯೊಂದುಂಟೆಂಬುದು ಅವರ ವಾದ. ಆ ಕಾಲದ ಇಂಗ್ಲಿಷಿನಲ್ಲಿ ‘ಮಾರಲ್’ ಎಂಬ ಮಾತಿಗೆ ‘ಭಾವಸಂಬಂಧವಾದ’ ಎಂಬ ಅರ್ಥವೂ ಇತ್ತು. ಕಾಲಕ್ರಮದಲ್ಲಿ ಆ ಅರ್ಥ ಮರೆಯಾಗಿ ‘ನೀತಿಸಂಬಂಧವಾದ’ ಎಂಬ ಅರ್ಥವೊಂದೇ ಉಳಿಯಿತು. ಭಾವದ ವಿಕಾರವೆನಿಸಿದ್ದುದು ನೀತಿಯ ವಿಕಾರವಾಯಿತು.

ಮಕ್ಕಳ ವಿಷಯಕ್ಕೆ ಬಂದರೆ, ೧೯೦೨ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸಂಸ್ಥೆಯಲ್ಲಿ ಜಾರ್ಜ್ ಫ್ರೆಡರಿಕ್ ಸ್ಟಿಲ್ ಅವರು ಕೊಟ್ಟ ಮೂರು ಉಪನ್ಯಾಸಗಳು ಮುಖ್ಯವಾದುವು. ಬುದ್ಧಿಯಲ್ಲಿ ಯಾವ ಊನವೂ ಇಲ್ಲದ, ಆದರೆ ಕೋಪ, ಕ್ರೌರ್ಯ, ಸುಳ್ಳು, ಅವಿಧೇಯತೆಗಳಲ್ಲಿ ಮಿತಿಯರಿಯದ, ಶಿಕ್ಷೆಯಿಂದ ಪಾಠ ಕಲಿಯದ ಮಕ್ಕಳನ್ನು ಅವರು ವರ್ಣಿಸಿದರು. ಬುದ್ಧಿ ಬೇರೆ, ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಬೇರೆ ಎಂಬ ವಿಂಗಡಣೆ ಮಕ್ಕಳ ವೈದ್ಯದಲ್ಲಿ ಬೇರೂರಲು ಈ ಉಪನ್ಯಾಸಗಳು ಕಾರಣವಾದುವು. ಇದು ಬೆಲೆಯುಳ್ಳ ಕಾಣಿಕೆ. ಆದರೆ ಇಂಥದೇ ವಿಚಾರವು ಕಾನೂನಿನ ಕೈಗೆ ಹೋದಾಗ ಏನಾಯಿತೆಂಬುದನ್ನು ನೋಡಬೇಕು. ೧೯೧೩ರ ಇಂಗ್ಲೆಂಡಿನ ಮೆಂಟಲ್ ಡಿಫಿಷಿಯೆನ್ಸಿ ಶಾಸನವು ‘ಮಾರಲ್ ಇಂಬೆಸಿಲ್’ ಎಂಬ ವರ್ಗವೊಂದನ್ನು ಸೃಷ್ಟಿಸಿ, ಎಳವೆಯಿಂದಲೇ ದುಷ್ಪ್ರವೃತ್ತಿಯನ್ನು ತೋರಿ ಶಿಕ್ಷೆಗೆ ಜಗ್ಗದವರನ್ನು ಅದರಲ್ಲಿ ಸೇರಿಸಿತು. ಆ ಹೆಸರು ಬಿದ್ದವನನ್ನು ಸಂಸ್ಥೆಯೊಂದರಲ್ಲಿ ಕೂಡಿಹಾಕುವುದಕ್ಕೆ ದಾರಿಯಾಯಿತು. ಆ ಶಾಸನ ಇಂಗ್ಲೆಂಡಿನಲ್ಲಿ ತೊಲಗಿದ್ದು ೧೯೫೯ರಲ್ಲಿ.

ಭಾರತದಲ್ಲಿ ಇದಕ್ಕಿಂತ ಕಠಿನವಾದ ಪ್ರಯೋಗ ನಡೆಯಿತು. ೧೮೭೧ರ ಕ್ರಿಮಿನಲ್ ಟ್ರೈಬ್ಸ್ ಶಾಸನವು ಕೆಲವು ಜಾತಿ, ಪಂಗಡಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸಿತು. ಆನಂತರದ ತಿದ್ದುಪಡಿಗಳು ಅವರ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಟ್ಟುವು. ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗುಗಳಲ್ಲಿ ಇಂಥ ಜನರಿಗಾಗಿ ಕಾವಲಿನ ವಸತಿಗಳಿದ್ದುವು. ಹುಬ್ಬಳ್ಳಿಯ ಒಂದು ಬಡಾವಣೆಗೆ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಇಂದಿಗೂ ಉಳಿದುಕೊಂಡಿದೆ. ೧೯೫೨ರ ಆಗಸ್ಟ್ ೩೧ರಂದು ಆ ಶಾಸನ ರದ್ದಾಯಿತು. ಒಂದು ಮಗುವಿನ ನಡತೆಯನ್ನು ನೋಡುವ ಮೊದಲೇ ಅದರ ಕಾರಣವನ್ನು ನಿರ್ಣಯಿಸಿಬಿಟ್ಟ ಕಾನೂನಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮಲ್ಲಿ ದೊರೆಯಲಾರದು.

ಇದಕ್ಕೆ ಪ್ರತಿಯಾದ ಹಾದಿಯೂ ಅದೇ ಕಾಲದಲ್ಲಿ ತೆರೆಯಿತು. ಅಮೆರಿಕದ ಶಿಕಾಗೊ ನಗರದಲ್ಲಿ ೧೮೯೯ರಲ್ಲಿ ಬಾಲನ್ಯಾಯಾಲಯ ಸ್ಥಾಪಿತವಾಯಿತು. ಅದಕ್ಕೆ ಒತ್ತಾಗಿ ೧೯೦೯ರಲ್ಲಿ ವಿಲಿಯಂ ಹೀಲಿ ಅವರ ನೇತೃತ್ವದಲ್ಲಿ ಒಂದು ಪರೀಕ್ಷಾಸಂಸ್ಥೆ ಹುಟ್ಟಿತು. ಪ್ರತಿಯೊಬ್ಬ ಹುಡುಗನ ಮನೆ, ಆರೋಗ್ಯ, ಶಾಲೆ, ಬುದ್ಧಿಗಳನ್ನು ಬೇರೆ ಬೇರೆಯಾಗಿ ನೋಡಿ, ಅಪರಾಧಕ್ಕೆ ಒಂದೇ ಕಾರಣವಿಲ್ಲವೆಂಬ ನಿರ್ಣಯಕ್ಕೆ ಹೀಲಿ ಬಂದರು. ೧೯೧೫ರ ಅವರ ಗ್ರಂಥದ ಶಿರೋನಾಮೆಯೇ ‘ದಿ ಇಂಡಿವಿಜುಯಲ್ ಡೆಲಿಂಕ್ವೆಂಟ್’, ಎಂದರೆ ವ್ಯಕ್ತಿಯಾಗಿ ಕಂಡ ಬಾಲಾಪರಾಧಿ.

ಈಗಿನ ಪಾರಿಭಾಷಿಕ ಪದಗಳು ತೀರ ಈಚಿನವು. ಅಮೆರಿಕದ ಮನೋವೈದ್ಯ ಸಂಘದ ರೋಗಪಟ್ಟಿಯ ಮೂರನೆಯ ಆವೃತ್ತಿಯಲ್ಲಿ, ಎಂದರೆ ೧೯೮೦ರಲ್ಲಿ, ನಡತೆಯ ವಿಕಾರ, ಎದುರಾಡುವ ವಿಕಾರ ಎಂಬ ಎರಡು ಹೆಸರುಗಳು ಬಂದುವು. ೧೯೮೭ರ ಪರಿಷ್ಕರಣದಲ್ಲಿ ಇವೂ ಅವಧಾನದ ಕೊರತೆಯೂ ಸೇರಿ ‘ಡಿಸ್ರಪ್ಟಿವ್ ಬಿಹೇವಿಯರ್ ಡಿಸಾರ್ಡರ್ಸ್’ ಎಂಬ ಗುಂಪಾದುವು; ನಾವು ವರ್ತನಾವಿಕಾರವೆಂದು ಕರೆಯುತ್ತಿರುವುದು ಇದನ್ನೇ. ೨೦೧೩ರಲ್ಲಿ ಅವಧಾನದ ಕೊರತೆಯನ್ನು ಆ ಗುಂಪಿನಿಂದ ಹೊರತೆಗೆಯಲಾಯಿತು. ನಡತೆಯ ವಿಕಾರವನ್ನು ಗುರುತಿಸಲು ಹೊಡೆದಾಟ, ಕಳ್ಳತನ, ಪ್ರಾಣಿಹಿಂಸೆ, ಮನೆಬಿಟ್ಟು ಓಡುವುದು ಮೊದಲಾದ ೧೫ ಲಕ್ಷಣಗಳಲ್ಲಿ ಕನಿಷ್ಠ ೩ ಲಕ್ಷಣಗಳು ಹಿಂದಿನ ಹನ್ನೆರಡು ತಿಂಗಳಲ್ಲಿ ಕಂಡುಬಂದಿರಬೇಕು. ಇವು ಯಾವತ್ತೂ ಹೊರಗಿನಿಂದ ಕಾಣುವ ಕೃತ್ಯಗಳು. ಹುಡುಗ ಏನು ಮಾಡಿದನೆಂಬುದನ್ನು ಪಟ್ಟಿ ಹೇಳುತ್ತದೆಯೇ ವಿನಾ ಏಕೆ ಮಾಡಿದನೆಂಬುದನ್ನು ಹೇಳುವುದಿಲ್ಲ. ಈ ‘ಏಕೆ’ ಎಂಬುದರ ಒಂದು ಭಾಗವನ್ನು ಹುಡುಕಿದ ಪ್ರಯೋಗಗಳೇ ಮುಂದಿನ ವಿಷಯ.

೨. ತಡೆಹಿಡಿಯುವ ಶಕ್ತಿ

೧೯೧೪ರ ಸುಮಾರಿಗೆ ಆಸ್ಟ್ರೇಲಿಯದ ಮೆಲ್ಬೋರ್ನ್‌ನಲ್ಲಿ ಸ್ಟ್ಯಾನ್ಲಿ ಪೋರ್ಟಿಯಸ್ ಎಂಬ ಉಪಾಧ್ಯಾಯರು ಕಾಗದದ ಮೇಲೆ ಅಚ್ಚು ಮಾಡಿದ ಚಕ್ರವ್ಯೂಹಗಳಿಂದ ಮಕ್ಕಳ ಮುಂದಾಲೋಚನೆಯನ್ನು ಅಳೆಯಲು ತೊಡಗಿದರು. ಪೆನ್ಸಿಲನ್ನು ಎತ್ತದೆ, ಗೆರೆಯನ್ನು ದಾಟದೆ, ಕುರುಡುದಾರಿಗೆ ಹೋಗದೆ ಹೊರದಾರಿಯನ್ನು ಸೇರಬೇಕು. ೧೯೪೨ರಲ್ಲಿ ಅವರು ಅಂಕ ಕೊಡುವ ಹೊಸ ಕ್ರಮವೊಂದನ್ನು ಸೇರಿಸಿದರು. ಹುಡುಗ ದಾರಿ ಕಂಡುಹಿಡಿದನೇ ಎಂಬುದಷ್ಟೇ ಅಲ್ಲ, ಹೇಗೆ ನಡೆದ ಎಂಬುದನ್ನೂ ಎಣಿಸಬೇಕು: ಮೂಲೆಯನ್ನು ಕತ್ತರಿಸಿದನೇ, ಗೆರೆಯನ್ನು ತುಳಿದನೇ, ಬೇಡವೆಂದರೂ ಪೆನ್ಸಿಲನ್ನು ಎತ್ತಿದನೇ? ಬಾಲಾಪರಾಧಿಗಳು ದಾರಿಯನ್ನು ಕಾಣುವುದರಲ್ಲಿ ಇತರರಿಗಿಂತ ಬಹಳ ಹಿಂದೆ ಬೀಳದಿದ್ದರೂ ಈ ಎರಡನೆಯ ಎಣಿಕೆಯಲ್ಲಿ ಹೆಚ್ಚು ತಪ್ಪುಗಳನ್ನು ತೋರಿದರು. ದಾರಿ ಗೊತ್ತು, ನಿಯಮವೂ ಗೊತ್ತು. ಕೈ ಮಾತ್ರ ನಿಲ್ಲದು. ಬುದ್ಧಿಗೂ ನಿಗ್ರಹಕ್ಕೂ ಇರುವ ಅಂತರವನ್ನು ಇಷ್ಟು ಸರಳವಾಗಿ ತೋರಿಸಿದ ಪರೀಕ್ಷೆ ಅಪರೂಪ. ಇದೇ ಪೋರ್ಟಿಯಸ್ ಅವರು ಇದೇ ಪರೀಕ್ಷೆಯಿಂದ ಜನಾಂಗಗಳನ್ನು ಮೇಲು ಕೀಳೆಂದು ಶ್ರೇಣಿಗಟ್ಟಲು ಹೊರಟರೆಂಬುದನ್ನೂ ಇಲ್ಲಿಯೇ ಹೇಳಬೇಕು. ಒಳ್ಳೆಯ ಅಳತೆಗೋಲು ಅಳೆಯುವವನನ್ನು ತಪ್ಪಿನಿಂದ ಕಾಪಾಡುವುದಿಲ್ಲ.

ಇಂದು ಈ ಶಕ್ತಿಗಳನ್ನು ಒಟ್ಟಾಗಿ ನಿರ್ವಾಹಕ ಶಕ್ತಿಗಳೆಂದು ಕರೆಯುತ್ತಾರೆ. ಎದ್ದ ಪ್ರೇರಣೆಯನ್ನು ತಡೆಯುವುದು, ವಿಷಯವನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಬಳಸುವುದು, ಸಂದರ್ಭ ಬದಲಾದಾಗ ದಾರಿ ಬದಲಿಸುವುದು ಎಂಬ ಮೂರು ಇವುಗಳಲ್ಲಿ ಪ್ರಧಾನ. ೧೯೪೮ರಲ್ಲಿ ಪ್ರಕಟವಾದ ವಿಸ್ಕಾನ್ಸಿನ್ ಎಲೆಪರೀಕ್ಷೆಯಲ್ಲಿ ಬಣ್ಣ, ಆಕಾರ, ಸಂಖ್ಯೆಗಳಿಗನುಸಾರವಾಗಿ ಎಲೆಗಳನ್ನು ಹೊಂದಿಸಬೇಕು. ಹೊಂದಿಸುವ ನಿಯಮ ನಡುವೆ ಸದ್ದಿಲ್ಲದೆ ಬದಲಾಗುತ್ತದೆ. ಹಳೆಯ ನಿಯಮವನ್ನೇ ಹಿಡಿದು ಸೋಲುವವನಿಗೆ ಮೂರನೆಯ ಶಕ್ತಿ ಕಡಮೆ. ಇನ್ನೊಂದು ಆಟದಲ್ಲಿ ಬಾಗಿಲುಗಳ ಚಿತ್ರವನ್ನು ಒಂದೊಂದಾಗಿ ತೆರೆಯಬೇಕು. ಮೊದಮೊದಲು ಬಹುಪಾಲು ಬಾಗಿಲುಗಳ ಹಿಂದೆ ಬಹುಮಾನವಿರುತ್ತದೆ. ಬರಬರುತ್ತ ನಷ್ಟವೇ ಹೆಚ್ಚುತ್ತದೆ. ಯಾವಾಗ ಬೇಕಾದರೂ ಆಟವನ್ನು ನಿಲ್ಲಿಸಬಹುದು. ನಡತೆಯ ವಿಕಾರವುಳ್ಳ ಮಕ್ಕಳು ಗೆದ್ದದ್ದೆಲ್ಲ ಕೈಬಿಡುತ್ತಿದ್ದರೂ ಇತರರಿಗಿಂತ ಹೆಚ್ಚು ಕಾಲ ಆಡುತ್ತ ಹೋದರು. ಶಿಕ್ಷೆಯಿಂದ ಕಲಿಯಲಿಲ್ಲವೆಂದು ಸ್ಟಿಲ್ ಅವರು ಹೇಳಿದ್ದ ಮಾತು ಇಲ್ಲಿ ಪ್ರಯೋಗರೂಪವನ್ನು ಪಡೆಯಿತು: ಗೆಲುವಿನ ಆಸೆ ಎದ್ದಾಗ ನಷ್ಟದ ಸೂಚನೆ ಇವರಿಗೆ ತಡವಾಗಿ ತಟ್ಟುತ್ತದೆ.

ಮಾರ್ಗನ್ ಮತ್ತು ಲಿಲಿಯೆನ್‌ಫೆಲ್ಡ್ ಅವರು ೨೦೦೦ದಲ್ಲಿ ಹಿಂದಿನ ೩೯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಮಾಜವಿರೋಧಿ ನಡತೆಗೂ ನಿರ್ವಾಹಕ ಶಕ್ತಿಗಳ ಕೊರತೆಗೂ ಗಣನೀಯವಾದ ಸಂಬಂಧ ಕಂಡಿತು. ಇದರ ಮೇಲೆ ಎರಡು ಎಚ್ಚರಿಕೆಗಳನ್ನು ಹೇಳಬೇಕು. ನಡತೆಯ ವಿಕಾರವುಳ್ಳ ಅನೇಕರಿಗೆ ಅವಧಾನದ ಕೊರತೆಯೂ ಇರುತ್ತದೆ. ಅದನ್ನು ಲೆಕ್ಕದಿಂದ ಕಳೆದರೆ ವ್ಯತ್ಯಾಸ ಬಹಳಮಟ್ಟಿಗೆ ಇಳಿಯುತ್ತದೆ. ಎರಡನೆಯದಾಗಿ, ಇದು ಗುಂಪುಗಳ ಸರಾಸರಿಯ ಮಾತು. ಎರಡು ಗುಂಪುಗಳ ಅಂಕಗಳು ಒಂದರೊಳಗೊಂದು ಬೆರೆತಿರುತ್ತವೆ. ಶಾಂತಸ್ವಭಾವದವನೊಬ್ಬ ಕಡಮೆ ಅಂಕ ಪಡೆಯುವುದೂ ಜಗಳಗಂಟನೊಬ್ಬ ಹೆಚ್ಚು ಅಂಕ ಪಡೆಯುವುದೂ ಸಾಮಾನ್ಯ. ಒಬ್ಬನ ಅಂಕವನ್ನು ನೋಡಿ ಅವನ ನಡತೆಯನ್ನು ಹೇಳಲು ಬರುವುದಿಲ್ಲ.

ಎಲ್ಲ ಕಿರಿಯರ ಕಥೆಯೂ ಒಂದೇ ಅಲ್ಲವೆಂಬುದಕ್ಕೆ ನ್ಯೂಜಿಲೆಂಡಿನ ಡ್ಯುನೆಡಿನ್ ನಗರದ ಅಧ್ಯಯನವು ಮುಖ್ಯ ಆಧಾರ. ೧೯೭೨-೭೩ರಲ್ಲಿ ಹುಟ್ಟಿದ ೧,೦೩೭ ಮಕ್ಕಳನ್ನು ಅಲ್ಲಿನ ವಿದ್ವಾಂಸರು ನಡುವಯಸ್ಸಿನವರೆಗೂ ಹಿಂಬಾಲಿಸಿದ್ದಾರೆ. ಆ ಅಧ್ಯಯನದಲ್ಲಿ ದುಡಿದ ಟೆರಿ ಮಾಫಿಟ್ ಅವರು ೧೯೯೩ರಲ್ಲಿ ಎರಡು ಬಗೆಗಳನ್ನು ವಿಂಗಡಿಸಿದರು. ಎಳವೆಯಲ್ಲಿಯೇ ತೊಡಗಿ ಬಹುಕಾಲ ಉಳಿಯುವ ದುರ್ವರ್ತನೆ ಕೆಲವರದು. ಹರೆಯದಲ್ಲಿ ಮೊದಲಾಗಿ ಹರೆಯದೊಡನೆಯೇ ಮುಗಿಯುವುದು ಬಹುಮಂದಿಯದು. ಆಲೋಚನಾಶಕ್ತಿಯ ಕೊರತೆಗಳು ಹೆಚ್ಚಾಗಿ ಕಾಣುವುದು ಮೊದಲನೆಯ ಬಗೆಯಲ್ಲಿ. ನಮ್ಮ ಕಾಲೇಜುಗಳಲ್ಲಿ ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಮೊದಲ ಸಲ ತಂಟೆ ಮಾಡುವವನ ಮೇಲೆ ಮುದ್ರೆಯೊತ್ತುವ ಮೊದಲು ಈ ವಿಂಗಡಣೆಯನ್ನು ನೆನೆಯುವುದು ಒಳ್ಳೆಯದು.

೩. ಅನ್ಯರ ಉದ್ದೇಶವನ್ನು ಊಹಿಸುವುದು

ಅಮೆರಿಕದ ಕೆನೆತ್ ಡಾಡ್ಜ್ ಅವರು ೧೯೮೦ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಎರಡನೆಯ, ನಾಲ್ಕನೆಯ, ಆರನೆಯ ತರಗತಿಗಳಿಂದ ಜಗಳಗಂಟರೆನಿಸಿದ ಹುಡುಗರನ್ನೂ ಅಲ್ಲದವರನ್ನೂ ಅವರು ಆರಿಸಿಕೊಂಡರು. ಒಬ್ಬೊಬ್ಬನಿಗೂ ಚಿತ್ರದ ತುಂಡುಗಳನ್ನು ಜೋಡಿಸುವ ಒಗಟನ್ನು ಕೊಟ್ಟು, ಜೋಡಿಸಿದರೆ ಬಹುಮಾನವೆಂದು ಹೇಳಿದರು. ನಡುವೆ, ಪಕ್ಕದ ಕೋಣೆಯಲ್ಲಿರುವನೆಂದು ಹೇಳಲಾದ ಇನ್ನೊಬ್ಬ ಹುಡುಗನಿಂದ ಆ ಒಗಟು ಕೆಟ್ಟುಹೋದಂತೆ ಏರ್ಪಾಡು ಮಾಡಿದರು. ಆ ಹುಡುಗನ ಧ್ವನಿ ಮಾತ್ರ ಕೇಳಿಬರುತ್ತಿತ್ತು. ವಾಸ್ತವವಾಗಿ ಅದು ಮೊದಲೇ ಮುದ್ರಿಸಿದ ಧ್ವನಿ. ಕೆಲವರಿಗೆ ಅವನು ಬೇಕೆಂದೇ ಕೆಡಿಸಿದನೆಂದು ತಿಳಿಯುವಂತೆಯೂ, ಕೆಲವರಿಗೆ ಸಹಾಯ ಮಾಡಹೋಗಿ ಕೈತಪ್ಪಿತೆಂದು ತಿಳಿಯುವಂತೆಯೂ, ಇನ್ನು ಕೆಲವರಿಗೆ ಎರಡೂ ಸ್ಪಷ್ಟವಾಗದಂತೆಯೂ ಅದು ಇತ್ತು.

ಬೇಕೆಂದೇ ಕೆಡಿಸಿದ ಸಂದರ್ಭದಲ್ಲಿ ಎರಡು ಗುಂಪಿನ ಹುಡುಗರೂ ಸಿಟ್ಟಾದರು. ಕೈತಪ್ಪಿದುದೆಂದು ಸ್ಪಷ್ಟವಾಗಿದ್ದಾಗ ಎರಡು ಗುಂಪಿನವರೂ ತಡೆದುಕೊಂಡರು. ಉದ್ದೇಶ ಅಸ್ಪಷ್ಟವಾಗಿದ್ದಾಗ ಮಾತ್ರ ಅವರ ದಾರಿ ಬೇರೆಯಾಯಿತು: ಜಗಳಗಂಟ ಹುಡುಗರು ಅದನ್ನು ದ್ವೇಷದ ಕೃತ್ಯವೆಂದೇ ಗ್ರಹಿಸಿದವರಂತೆ ಪ್ರತೀಕಾರಕ್ಕೆ ಹೊರಟರು, ಮಿಕ್ಕವರು ಕೈತಪ್ಪೆಂದು ಎಣಿಸಿದವರಂತೆ ನಡೆದರು. ಈ ಫಲಿತಾಂಶದ ಮಹತ್ವವನ್ನು ನಿಧಾನವಾಗಿ ಯೋಚಿಸಬೇಕು. ಜಗಳಗಂಟ ಹುಡುಗರಿಗೆ ನ್ಯಾಯಬುದ್ಧಿ ಇಲ್ಲದಿದ್ದರೆ ಅವರು ಎರಡನೆಯ ಸಂದರ್ಭದಲ್ಲಿಯೂ ಹೊಡೆಯಬೇಕಾಗಿತ್ತು. ತಪ್ಪಿಲ್ಲದವನನ್ನು ದಂಡಿಸಬಾರದೆಂಬ ನಿಯಮ ಅವರಲ್ಲಿಯೂ ಇದೆ. ವ್ಯತ್ಯಾಸವಿರುವುದು ನಿಯಮದಲ್ಲಲ್ಲ, ಸಂದರ್ಭದ ಓದಿನಲ್ಲಿ. ಸಂದೇಹದ ಲಾಭವನ್ನು ಎದುರಾಳಿಗೆ ಕೊಡದ ಈ ಪ್ರವೃತ್ತಿಗೆ ದ್ವೇಷಾರೋಪಣೆ ಎಂದು ಹೆಸರಿಡಬಹುದು. ನಿತ್ಯಜೀವನದ ಒಡನಾಟದಲ್ಲಿ ಬಹುಪಾಲು ಅಸ್ಪಷ್ಟವೇ ಆಗಿರುವುದರಿಂದ, ತಗುಲಿದ ಹೆಗಲು, ಹಿಂದಿನ ಬೆಂಚಿನ ನಗು, ಕೊಡದ ಉತ್ತರ, ಇವೆಲ್ಲವೂ ಇಂಥವನಿಗೆ ಯುದ್ಧದ ಕರೆಯಾಗಿ ಕೇಳಿಸಬಹುದು. ಅವನು ಪ್ರತೀಕಾರ ಮಾಡುತ್ತಾನೆ. ಆಗ ಎದುರಿನವನು ನಿಜವಾಗಿಯೂ ದ್ವೇಷಿಯಾಗುತ್ತಾನೆ. ಮೊದಲಿನ ಊಹೆ ನಿಜವೆಂದು ಸಿದ್ಧವಾಗುತ್ತದೆ.

ಕ್ರಿಕ್ ಮತ್ತು ಡಾಡ್ಜ್ ಅವರು ೧೯೯೪ರಲ್ಲಿ ಈ ಮನೋವ್ಯಾಪಾರವನ್ನು ಆರು ಮೆಟ್ಟಿಲುಗಳಾಗಿ ಬಿಡಿಸಿ ತೋರಿಸಿದರು. ಸೂಚನೆಗಳನ್ನು ಗಮನಿಸುವುದು, ಅರ್ಥಮಾಡಿಕೊಳ್ಳುವುದು, ತನಗೇನು ಬೇಕೆಂದು ಗೊತ್ತುಮಾಡಿಕೊಳ್ಳುವುದು, ಉತ್ತರಗಳನ್ನು ನೆನೆಯುವುದು, ಒಂದನ್ನು ಆರಿಸುವುದು, ಕಾರ್ಯಕ್ಕೆ ತರುವುದು. ಪೆಟ್ಟು ಬೀಳುವುದು ಆರನೆಯ ಮೆಟ್ಟಿಲಿನಲ್ಲಿ. ಶಿಕ್ಷೆಯೂ ಸಾಮಾನ್ಯವಾಗಿ ಅದಕ್ಕೇ. ದೋಷವು ಮೊದಲ ಎರಡು ಮೆಟ್ಟಿಲುಗಳಲ್ಲಿದ್ದರೆ ಆ ಶಿಕ್ಷೆ ಅಲ್ಲಿಗೆ ಮುಟ್ಟುವುದಿಲ್ಲ.

೪. ಮುಖದ ಓದು

ಮುಖದ ಭಾವವನ್ನು ಪ್ರಯೋಗಕ್ಕೆ ಗುರಿಮಾಡಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಮೊದಲಿಗರ ಪಂಕ್ತಿಯವರು. ಫ್ರಾನ್ಸಿನ ವೈದ್ಯ ಡ್ಯುಶೆನ್ ಅವರ ಭಾವಚಿತ್ರಗಳನ್ನು ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ತೋರಿಸಿ, ಇದು ಯಾವ ಭಾವವೆಂದು ಅವರು ಕೇಳಿದರು. ಲೋಕದ ನಾನಾ ಕಡೆಗೆ ಪ್ರಶ್ನಾವಳಿಗಳನ್ನೂ ಕಳುಹಿಸಿದರು. ಉತ್ತರ ಕೊಟ್ಟವರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಸ್ಕಾಟ್ ಅವರೂ ಒಬ್ಬರು. ಇವೆಲ್ಲದರ ಫಲವಾಗಿ ೧೮೭೨ರ ಅವರ ಗ್ರಂಥ ಬಂದಿತು. ನೂರು ವರ್ಷಗಳ ಅನಂತರ ಪಾಲ್ ಎಕ್‌ಮನ್ ಮತ್ತು ವ್ಯಾಲೆಸ್ ಫ್ರೀಸನ್ ಅವರು ೧೯೭೬ರಲ್ಲಿ ೧೧೦ ಭಾವಚಿತ್ರಗಳ ಸಂಗ್ರಹವನ್ನು ಸಿದ್ಧಪಡಿಸಿದರು. ಸಂತೋಷ, ದುಃಖ, ಕೋಪ, ಭಯ, ಜುಗುಪ್ಸೆ, ಆಶ್ಚರ್ಯ ಎಂಬ ಆರು ಭಾವಗಳು ಅದರಲ್ಲಿವೆ. ಭಾವಗ್ರಹಣವನ್ನು ಅಳೆದ ಪ್ರಯೋಗಗಳಲ್ಲಿ ಬಹಳಷ್ಟು ಈ ಚಿತ್ರಗಳನ್ನೇ ಬಳಸಿವೆ.

ಫಲಿತಾಂಶಗಳಲ್ಲಿ ಮುಖ್ಯವಾದವನ್ನು ಹೇಳುತ್ತೇವೆ. ಮಾರ್ಷ್ ಮತ್ತು ಬ್ಲೇರ್ ಅವರು ೨೦೦೮ರಲ್ಲಿ ೨೦ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಸಮಾಜವಿರೋಧಿ ನಡತೆಯವರು ವಿಶೇಷವಾಗಿ ಭಯದ ಮುಖವನ್ನು ಗುರುತಿಸುವುದರಲ್ಲಿ ಹಿಂದೆ ಬಿದ್ದುದು ಕಂಡಿತು. ಕೇಂಬ್ರಿಜ್‌ನಲ್ಲಿ ಗ್ರೇಮ್ ಫೇರ್‌ಚೈಲ್ಡ್ ಮತ್ತು ಸಂಗಡಿಗರು ೨೦೦೯ರಲ್ಲಿ ಹರೆಯದ ಹುಡುಗರನ್ನು ಪರೀಕ್ಷಿಸಿದರು. ಎಳವೆಯಿಂದ ನಡತೆಯ ವಿಕಾರವಿದ್ದವರು ಕೋಪ, ಜುಗುಪ್ಸೆ, ಸಂತೋಷಗಳನ್ನು ಗುರುತಿಸುವುದರಲ್ಲಿ ತಪ್ಪಿದರು. ಹರೆಯದಲ್ಲಿ ತೊಡಗಿದವರು ಭಯವನ್ನು ಗುರುತಿಸುವುದರಲ್ಲಿ ತಪ್ಪಿದರು. ಫಲಿತಾಂಶಗಳು ಪೂರ್ಣವಾಗಿ ಒಂದಕ್ಕೊಂದು ಹೊಂದುವುದಿಲ್ಲವೆಂಬುದು ವಾಚಕರಿಗೆ ತೋರಿಬರುತ್ತದೆ. ಆದರೂ ಒಂದು ಅಂಶ ನಿಲ್ಲುತ್ತದೆ. ಎದುರಿನವನ ಭಯವೂ ದುಃಖವೂ ಹೊಡೆಯುವ ಕೈಯನ್ನು ತಡೆಯುವ ಸೂಚನೆಗಳು. ಆ ಸೂಚನೆ ಕಾಣದವನಿಗೆ ತಡೆಯೂ ಇಲ್ಲ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎತ್ತುವುದು ಉಚಿತ. ಭರತನ ನಾಟ್ಯಶಾಸ್ತ್ರವು ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ ಎಂದು ಎಂಟು ಸ್ಥಾಯಿಭಾವಗಳನ್ನು ಹೇಳುತ್ತದೆ. ಎಕ್‌ಮನ್ ಅವರ ಆರರಲ್ಲಿ ಹೆಚ್ಚಿನವು ಇದರೊಡನೆ ಕೂಡಿಬರುತ್ತವೆಂಬುದನ್ನು ಕಂಡು ಸಂತೋಷಪಡುವವರುಂಟು. ಆದರೆ ಹೋಲಿಕೆಗಿಂತ ವ್ಯತ್ಯಾಸವೇ ಹೆಚ್ಚು ಬೋಧಪ್ರದ. ಭರತನ ಮತದಲ್ಲಿ ಭಾವವು ಮುಖದ ಒಂದು ಭಂಗಿಯಿಂದ ತಿಳಿಯತಕ್ಕುದಲ್ಲ. ಅದಕ್ಕೆ ಕಾರಣವಾದ ವಿಭಾವ, ಹೊರಗೆ ತೋರುವ ಅನುಭಾವ, ಜತೆಗೆ ಬಂದು ಹೋಗುವ ಸಂಚಾರಿಭಾವಗಳು ಕೂಡಬೇಕು. ಆ ಶಾಸ್ತ್ರ ರಂಗಭೂಮಿಗೆ ಸೇರಿದ್ದು, ಪ್ರಯೋಗಶಾಲೆಗಲ್ಲ. ಆದರೂ ಈ ಎಚ್ಚರಿಕೆ ಸಲ್ಲುತ್ತದೆ. ಹಿಂದುಮುಂದಿಲ್ಲದ ಒಂದು ಭಾವಚಿತ್ರವನ್ನು, ಅದೂ ಬಹುಪಾಲು ಪಾಶ್ಚಾತ್ಯ ಮುಖಗಳನ್ನು, ತೋರಿಸಿ ಪಡೆದ ಅಂಕವು ಹುಡುಗನೊಬ್ಬನು ತನ್ನ ಬೀದಿಯಲ್ಲಿ, ತನ್ನ ಗೆಳೆಯರ ನಡುವೆ ಭಾವವನ್ನು ಹೇಗೆ ಗ್ರಹಿಸುತ್ತಾನೆಂಬುದರ ಒಂದು ಅಂಶವನ್ನು ಮಾತ್ರ ತಿಳಿಸೀತು. ೨೦೧೯ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು ಮುಖದ ಚಲನೆಯಿಂದಲೇ ಭಾವವನ್ನು ನಿಶ್ಚಯಿಸಲಾಗದೆಂದು ವಿಸ್ತಾರವಾಗಿ ವಾದಿಸಿದ್ದಾರೆ.

೫. ಕೊರತೆಯೋ, ಕಲಿತ ಪಾಠವೋ

ಭಾವಗ್ರಹಣದ ದೋಷವೆಲ್ಲ ಹುಟ್ಟಿನ ಊನವೆಂದು ತಿಳಿಯುವುದು ತಪ್ಪು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸೆತ್ ಪೊಲ್ಲಾಕ್ ಅವರು ೨೦೦೨ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮನೆಯಲ್ಲಿ ಹೊಡೆತಕ್ಕೆ ಗುರಿಯಾಗಿದ್ದ ಮಕ್ಕಳಿಗೆ ಮಸುಕಾದ ಚಿತ್ರಗಳನ್ನು ಕ್ರಮವಾಗಿ ಸ್ಪಷ್ಟಗೊಳಿಸುತ್ತ ತೋರಿಸಲಾಯಿತು. ಕೋಪದ ಮುಖವನ್ನು ಅವರು ಇತರ ಮಕ್ಕಳಿಗಿಂತ ಬೇಗ, ಎಂದರೆ ಇನ್ನೂ ಮಸುಕಾಗಿರುವಾಗಲೇ, ಗುರುತಿಸಿದರು. ಬೆರಕೆ ಮುಖಗಳನ್ನು ತೋರಿಸಿದಾಗಲೂ ಕೋಪದ ಎಲ್ಲೆಯನ್ನು ಹೆಚ್ಚು ವಿಸ್ತಾರವಾಗಿ ಹಾಕಿದರು. ಹಾವು ಕಚ್ಚಿದವನು ಹಗ್ಗಕ್ಕೂ ಹೆದರುತ್ತಾನೆಂಬುದು ನಮ್ಮಲ್ಲಿ ತಿಳಿದ ಮಾತೇ. ಆ ಮಗುವಿನ ಮನೆಯಲ್ಲಿ ಹಗ್ಗಗಳಿಗಿಂತ ಹಾವುಗಳೇ ಹೆಚ್ಚಾಗಿದ್ದರೆ ಅದರ ಓದು ತಪ್ಪಲ್ಲ, ಸರಿಯಾದ ಪಾಠವೇ. ಮನೆಯಲ್ಲಿ ಪ್ರಾಣ ಕಾಪಾಡಿದ ಅದೇ ಪಾಠ ಶಾಲೆಯಲ್ಲಿ ಅಪರಾಧವಾಗುತ್ತದೆ.

ಇದಕ್ಕೆ ವಿರುದ್ಧವಾದ ಚಿಕ್ಕ ಗುಂಪೊಂದಿದೆ. ಇವರಲ್ಲಿ ಸಿಟ್ಟಿಗಿಂತ ತಣ್ಣನೆಯ ನಿರ್ಲಕ್ಷ್ಯ ಹೆಚ್ಚು. ತಪ್ಪಿಗೆ ಪಶ್ಚಾತ್ತಾಪವಿಲ್ಲ, ಅನ್ಯರ ನೋವಿಗೆ ಸ್ಪಂದನವಿಲ್ಲ. ೨೦೧೩ರ ರೋಗಪಟ್ಟಿಯು ಇವರನ್ನು ನಡತೆಯ ವಿಕಾರದ ಒಂದು ಉಪಭೇದವಾಗಿ ಗುರುತಿಸಿದೆ. ಭಯದ ಮುಖವನ್ನು ಗುರುತಿಸಲಾರದವರು ವಿಶೇಷವಾಗಿ ಇವರು. ಆದರೆ ಆಸ್ಟ್ರೇಲಿಯದ ಮಾರ್ಕ್ ಡ್ಯಾಡ್ಸ್ ಅವರು ೨೦೦೬ರಲ್ಲಿ ಒಂದು ಸರಳ ಸಂಗತಿಯನ್ನು ಕಂಡರು. ಚಿತ್ರದಲ್ಲಿರುವವನ ಕಣ್ಣುಗಳನ್ನು ನೋಡಿರೆಂದು ಹೇಳಿದಾಗ ಇಂಥ ಹುಡುಗರ ತಪ್ಪುಗಳು ಬಹಳ ಕಡಮೆಯಾದುವು. ಭಯ ಎದ್ದು ಕಾಣುವುದು ಕಣ್ಣುಗಳಲ್ಲಿ; ಅವರು ಕಣ್ಣುಗಳನ್ನು ನೋಡುತ್ತಲೇ ಇರಲಿಲ್ಲ. ಆ ಸೂಚನೆಯ ಪರಿಣಾಮ ಪ್ರಯೋಗದ ಹೊತ್ತಿನದು. ಅದರಿಂದ ಸ್ವಭಾವ ಬದಲಾಯಿತೆಂದು ಹೇಳಲಾಗದು. ಆದರೂ ಶಕ್ತಿಯೇ ಇಲ್ಲದಿರುವುದಕ್ಕೂ ಗಮನ ಬೇರೆಡೆ ಇರುವುದಕ್ಕೂ ಅಂತರವುಂಟೆಂಬುದು ಇದರಿಂದ ಸ್ಪಷ್ಟ.

೬. ತಿದ್ದುವ ಪ್ರಯತ್ನಗಳು

ಕೌಶಲವಾದರೆ ಕಲಿಸಲು ಬರಬೇಕಷ್ಟೆ. ಬ್ರಿಸ್ಟಲ್ಲಿನಲ್ಲಿ ೨೦೧೩ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಕೋಪವೋ ಸಂತೋಷವೋ ತಿಳಿಯದ ಬೆರಕೆ ಮುಖಗಳನ್ನು ಸಂತೋಷದ ಕಡೆಗೆ ಓದಲು ಅಭ್ಯಾಸ ಮಾಡಿಸಲಾಯಿತು. ಅಪರಾಧದ ಅಂಚಿನಲ್ಲಿದ್ದ ಹರೆಯದವರಲ್ಲಿ ಜಗಳಗಳು ಕಡಮೆಯಾದುವು. ಕಾರ್ಡಿಫ್‌ನಲ್ಲಿ ೨೦೧೫ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಾಲಾಪರಾಧಿಗಳಿಗೆ ಭಾವಗ್ರಹಣದ ಅಭ್ಯಾಸ ಕೊಟ್ಟ ಮೇಲೆ ಅವರು ಮುಂದೆ ಮಾಡಿದ ಅಪರಾಧಗಳ ತೀವ್ರತೆ ಇಳಿಯಿತು. ಇವು ಚಿಕ್ಕ ಪ್ರಯೋಗಗಳು; ಆನಂತರದವೆಲ್ಲ ಅದೇ ಫಲವನ್ನು ಕೊಟ್ಟಿಲ್ಲ.

ಇವಕ್ಕಿಂತ ಭಾರವಾದ ಸಾಕ್ಷ್ಯವು ಅಮೆರಿಕದ ‘ಫಾಸ್ಟ್ ಟ್ರ್ಯಾಕ್’ ಎಂಬ ಯೋಜನೆಯಿಂದ ದೊರೆತಿದೆ. ೧೯೯೧ರಲ್ಲಿ ನಾಲ್ಕು ಪ್ರದೇಶಗಳಲ್ಲಿ ತೊಡಗಿದ ಈ ಯೋಜನೆ ಶಿಶುವಿಹಾರದ ಹಂತದಲ್ಲಿಯೇ ಉಗ್ರವರ್ತನೆ ತೋರಿದ ೮೯೧ ಮಕ್ಕಳನ್ನು ಆರಿಸಿ, ಅರ್ಧದಷ್ಟು ಮಂದಿಗೆ ಹತ್ತು ವರ್ಷಗಳ ಕಾಲ ನೆರವು ಕೊಟ್ಟಿತು. ತರಗತಿಯಲ್ಲಿ ಭಾವಗಳನ್ನು ಹೆಸರಿಸಿ ಗುರುತಿಸುವ ಪಾಠ, ಸಿಟ್ಟು ಬಂದಾಗ ಬೀದಿಯ ಕೆಂಪು ದೀಪದಂತೆ ನಿಂತು ಯೋಚಿಸುವ ಅಭ್ಯಾಸ, ತಂದೆತಾಯಿಗಳಿಗೆ ಶಿಕ್ಷಣ, ಓದಿಗೆ ಸಹಾಯ, ಇವೆಲ್ಲವೂ ಅದರಲ್ಲಿ ಸೇರಿದ್ದುವು. ೨೫ನೆಯ ವಯಸ್ಸಿನಲ್ಲಿ ನೋಡಿದಾಗ ಮಾನಸಿಕ ಅಥವಾ ಮಾದಕ ವಸ್ತುಗಳ ತೊಂದರೆ ಒಂದಾದರೂ ಇದ್ದವರು ನೆರವಿಲ್ಲದ ಗುಂಪಿನಲ್ಲಿ ಶೇಕಡ ೬೯, ನೆರವು ಪಡೆದ ಗುಂಪಿನಲ್ಲಿ ಶೇಕಡ ೫೯. ಹತ್ತು ವರ್ಷಗಳ ದುಡಿಮೆಗೆ ನೂರಕ್ಕೆ ಹತ್ತರ ವ್ಯತ್ಯಾಸ. ಇದನ್ನು ಅಲ್ಪವೆಂದು ಕೈಬಿಡುವವರೂ, ಎಲ್ಲವೂ ಸರಿಹೋಯಿತೆನ್ನುವವರೂ ಅಂಕೆಗಳಿಗೆ ಅನ್ಯಾಯ ಮಾಡುತ್ತಾರೆ.

೭. ನ್ಯಾಯಸ್ಥಾನ ಮತ್ತು ಪಾಠಶಾಲೆ

ಈ ವಿಚಾರ ಭಾರತದಲ್ಲಿ ಇಂದು ಕೇವಲ ಪಾಂಡಿತ್ಯದ್ದಲ್ಲ. ೨೦೧೫ರ ಬಾಲನ್ಯಾಯ ಶಾಸನದ ೧೫ನೆಯ ಪ್ರಕರಣದಂತೆ, ಘೋರ ಅಪರಾಧದ ಆಪಾದನೆಗೆ ಗುರಿಯಾದ ೧೬ರಿಂದ ೧೮ರ ವಯಸ್ಸಿನವನಿಗೆ ಆ ಕೃತ್ಯವನ್ನು ಮಾಡುವ ಮಾನಸಿಕ ಮತ್ತು ಶಾರೀರಿಕ ಸಾಮರ್ಥ್ಯವಿತ್ತೇ, ಅದರ ಪರಿಣಾಮವನ್ನು ತಿಳಿಯುವ ಶಕ್ತಿಯಿತ್ತೇ ಎಂಬುದನ್ನು ಬಾಲನ್ಯಾಯ ಮಂಡಲಿ ಪರಿಶೀಲಿಸಬೇಕು. ಅವನನ್ನು ವಯಸ್ಕನಂತೆ ವಿಚಾರಣೆಗೆ ಗುರಿಮಾಡಬಹುದೇ ಎಂಬುದು ಈ ಪರಿಶೀಲನೆಯನ್ನು ಅವಲಂಬಿಸಿದೆ. ಮಂಡಲಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೨೨ರ ಜುಲೈಯಲ್ಲಿ ತೀರ್ಮಾನಿಸಿತು. ಮೇಲೆ ವಿವರಿಸಿದ ಪ್ರಯೋಗಗಳು ಈ ಸಂದರ್ಭದಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುತ್ತವೆ. ಶಾಂತವಾದ ಕೋಣೆಯಲ್ಲಿ ಕೇಳಿದರೆ ಹುಡುಗ ಪರಿಣಾಮಗಳನ್ನು ಸರಿಯಾಗಿಯೇ ಹೇಳಿಯಾನು. ಗೆಳೆಯರೆದುರಿಗೆ, ಸಿಟ್ಟಿನ ಕ್ಷಣದಲ್ಲಿ ಅದೇ ತಿಳಿವು ಕೈಗೆಟುಕಿತೆಂದು ಅದರಿಂದ ಸಿದ್ಧವಾಗುವುದಿಲ್ಲ. ಹಾಗೆಯೇ ಪರೀಕ್ಷೆಯಲ್ಲಿ ಕಡಮೆ ಅಂಕ ಬಂದಿತೆಂಬುದರಿಂದ ಅವನು ತಿದ್ದಲಾಗದವನೆಂದೂ ಸಿದ್ಧವಾಗುವುದಿಲ್ಲ. ಗುಂಪಿನ ಸರಾಸರಿಯಿಂದ ಒಬ್ಬನ ಭವಿಷ್ಯವನ್ನು ನಿರ್ಣಯಿಸುವುದು ೧೮೭೧ರ ಶಾಸನದ ತರ್ಕವೇ.

ಪ್ರಶ್ನೆ ನಮ್ಮಿಂದ ದೂರದ್ದೂ ಅಲ್ಲ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ ವಿದ್ವಾಂಸರು ಬೆಂಗಳೂರಿನ ನಗರ ಮತ್ತು ಗ್ರಾಮಭಾಗಗಳಲ್ಲಿ ೧೬ರ ವಯಸ್ಸಿನವರೆಗಿನ ೨,೦೬೪ ಮಕ್ಕಳನ್ನು ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲ್ಲ ಬಗೆಯ ಮನೋವಿಕಾರಗಳೂ ಸೇರಿ ಶೇಕಡ ೧೨.೫ರಷ್ಟು ಮಕ್ಕಳಲ್ಲಿ ಕಂಡುಬಂದುವು. ಇವರೆಲ್ಲ ವೈದ್ಯರ ಬಳಿಗೆ ಹೋಗುವುದಿಲ್ಲ. ತರಗತಿಗೆ ಮಾತ್ರ ಬರುತ್ತಾರೆ.

ಅಧ್ಯಾಪಕರು ವೈದ್ಯರಾಗಬೇಕಾಗಿಲ್ಲ. ಆದರೆ ಈ ಸಂಶೋಧನೆಯಿಂದ ಕೆಲವು ನಿತ್ಯೋಪಯೋಗಿ ವಿಚಾರಗಳು ಹೊರಡುತ್ತವೆ. ಅಸ್ಪಷ್ಟತೆಯೇ ಕಿಡಿಯಾಗುವ ವಿದ್ಯಾರ್ಥಿಯೊಡನೆ ನಮ್ಮ ಉದ್ದೇಶವನ್ನು ಬಾಯಿಬಿಟ್ಟು ಹೇಳುವುದು ಮೇಲು. ನಮ್ಮ ಮೌನವನ್ನೂ ಹಾಸ್ಯವನ್ನೂ ಅವನು ಬೇರೆಯಾಗಿ ಓದುತ್ತಿರಬಹುದು. ತರಗತಿಯ ಎದುರಿನಲ್ಲಿ ನಿಲ್ಲಿಸಿ ಉತ್ತರ ಕೇಳುವುದಕ್ಕಿಂತ, ಸ್ವಲ್ಪ ಹೊತ್ತು ಕಳೆದ ಮೇಲೆ ಬೇರೆಯಾಗಿ ಕರೆದು ಕೇಳುವುದು ಅವನ ತಡೆಯುವ ಶಕ್ತಿಗೆ ಅವಕಾಶ ಕೊಡುತ್ತದೆ. ‘ಏಕೆ ಹೊಡೆದೆ?’ ಎಂಬ ಪ್ರಶ್ನೆಗಿಂತ ‘ಅವನು ಏನು ಮಾಡಿದನೆಂದು ನಿನಗೆ ತೋರಿತು?’ ಎಂಬ ಪ್ರಶ್ನೆ ಹೆಚ್ಚು ತಿಳಿಸುತ್ತದೆ. ಇದರ ಅರ್ಥ ತಪ್ಪನ್ನು ಮನ್ನಿಸುವುದೆಂದಲ್ಲ. ಪೆಟ್ಟು ತಿಂದವನಿಗೂ ನ್ಯಾಯ ಸಲ್ಲಬೇಕು. ಹೊಡೆದವನು ಅದಕ್ಕೆ ಉತ್ತರ ಕೊಡಲೇಬೇಕು. ಮನೆಯಲ್ಲಿ ಹಿಂಸೆಯ ಸೂಚನೆ ಕಂಡರೆ, ಅಥವಾ ಇಂಥ ವರ್ತನೆ ಬಾಲ್ಯದಿಂದಲೂ ಬಂದಿದ್ದರೆ, ತಜ್ಞರಲ್ಲಿಗೆ ದಾರಿ ತೋರಿಸುವುದು ನಮ್ಮ ಕರ್ತವ್ಯ.

ಪ್ರಿಚರ್ಡ್ ಅವರಿಂದ ಇಂದಿನವರೆಗೆ ಸುಮಾರು ೧೯೦ ವರ್ಷಗಳಲ್ಲಿ ಶಾಸ್ತ್ರವು ಸ್ವಭಾವದಿಂದ ಕೌಶಲದ ಕಡೆಗೆ ಬಂದಿದೆ. ಸ್ವಭಾವವೆಂದರೆ ತೀರ್ಪು, ಕೌಶಲವೆಂದರೆ ಪಾಠ. ಆದರೆ ‘ಭಾವಗ್ರಹಣದ ಕೊರತೆ’ ಎಂಬುದೂ ಒಂದು ಹೆಸರೇ. ‘ಮಾರಲ್ ಇಂಬೆಸಿಲ್’ ಎಂಬುದು ಆದಂತೆ ಇದೂ ಒಂದು ಮುದ್ರೆಯಾಗುವುದೋ, ಅಥವಾ ಎಲ್ಲಿಂದ ಪಾಠವನ್ನು ತೊಡಗಬೇಕೆಂಬುದನ್ನು ತೋರಿಸುವ ಗುರುತಾಗಿ ಉಳಿಯುವುದೋ ಎಂಬುದು ಪ್ರಯೋಗಶಾಲೆಯಲ್ಲಿ ಗೊತ್ತಾಗುವ ವಿಷಯವಲ್ಲ. ಅದು ನ್ಯಾಯಮಂಡಲಿಗಳಲ್ಲಿ, ಅದಕ್ಕಿಂತ ಮೊದಲು ನಮ್ಮ ತರಗತಿಗಳಲ್ಲಿ, ಗೊತ್ತಾಗತಕ್ಕುದು.